ಎಪ್ಪತ್ತೈದು ಇಂಚಿನ ಗೋಡೆ

ಟಿವಿಯ ಡಬ್ಬ ಆ ಗೋಡೆಗೆ ಒರಗಿ ನಿಂತಾಗಿನಿಂದ ಜಯಶೀಲಾಗೆ ಹಾಲ್‌ನಲ್ಲಿ ಕೂತು ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯುವುದಕ್ಕೆ ಆಗುತ್ತಿರಲಿಲ್ಲ. ಡಬ್ಬವೇನು ಸಣ್ಣದೇ? ಎಪ್ಪತ್ತೈದು ಇಂಚು! ಅದನ್ನು ಹೊತ್ತು ತಂದವರು ಏದುಸಿರು ಬಿಡುತ್ತ, ಮಲಗಿಸಬೇಡಿ ಅಮ್ಮಾ, ಮಲಗಿಸಿದರೆ ಗಾಜು ಹೋಗುತ್ತೆ, ಗೋಡೆಗೆ ಒರಗಿಸಿಯೇ ಇಡಬೇಕು ಎಂದು ಹೇಳಿ ಹೋಗಿದ್ದರು. ಒರಗಿಸಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ಕೈಯಲ್ಲಿದ್ದ ನೀರಿನ ಚೊಂಬನ್ನು ಅವರಿಗೆ ಕೊಡುವುದನ್ನೇ ಮರೆತಿದ್ದಳು. ಮನೆಯಲ್ಲಿ ಬೇರೆ ಗೋಡೆಯೇ ಇಲ್ಲವೇ? ಇಲ್ಲ, ಅದೇ ತಾನೆ ತಾಪತ್ರಯ. ಶಿವಮೊಗ್ಗದ ಆಲ್ಕೊಳ ಬಡಾವಣೆಯ ಈ ಮನೆ ಕಟ್ಟಿಸಿದಾಗ ಗಾಳಿ ಬೇಕು ಬೆಳಕು ಬೇಕು ಎಂದು ಒಂದು ಗೋಡೆಯ ತುಂಬ ಕಿಟಕಿ ಇಡಿಸಿದ್ದಾಯಿತು, ಇನ್ನೊಂದರಲ್ಲಿ ಅಡುಗೆಮನೆಯ ಬಾಗಿಲು, ಕೋಣೆಯ ಬಾಗಿಲು, ಮತ್ತೊಂದರಲ್ಲಿ ಮಹಡಿ ಮೆಟ್ಟಿಲು. ಉಳಿದದ್ದು ಇದೊಂದೇ. ಬಾಗಿಲು ತೆಗೆದ ಕೂಡಲೇ ಕಾಣುವ, ಬಿಸಿಲು ಬೀಳದ, ಎದುರಿಗೆ ಹತ್ತಿಪ್ಪತ್ತು ಜನ ಆರಾಮಾಗಿ ಕೂರಬಹುದಾದ ಗೋಡೆ. ಟಿವಿಗೆ ಇದಕ್ಕಿಂತ ಒಳ್ಳೆಯ ಗೋಡೆ ಹುಡುಕಿದರೂ ಸಿಗಲ್ಲ ಎಂದು ಗಂಡ ವಿಜಯೇಂದ್ರ ಸಂಭ್ರಮದಲ್ಲಿ ಹೇಳಿದಾಗ ಅವಳು ಹೂಂ ಎಂದಿದ್ದಳು. ಟಿವಿಗೆ ಮಾತ್ರ ಅಲ್ಲ ಎಂದು ಬಾಯಿಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದಳು. ಅತ್ತೆ ಬಂಗಾರಮ್ಮನನ್ನು ಕೂರಿಸಿದ್ದು ಇದೇ ಗೋಡೆಗೆ. ಎಂದಾದರೊಂದು ದಿನ ಮಾವನವರನ್ನು ಕೂರಿಸಬೇಕಾದದ್ದೂ ಇದಕ್ಕೇ.

ಅವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ, ಪೂಜೆಗೆ ಕೂತವರ ಹಾಗೆಯೇ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ವಾಲದಿರಲಿ ಎಂದು ಗೋಡೆಗೆ ಮೊಳೆ ಹೊಡೆದು ಬಟ್ಟೆ ಕಟ್ಟುತ್ತಾರೆ. ಮಣ್ಣಿಗೆ ಹೊರಡುವ ತನಕ ಬಂದವರೆಲ್ಲ ಎದುರಿಗೆ ಕೂತು ಮುಖ ನೋಡುತ್ತಾರೆ, ಭಜನೆ ಮಾಡುತ್ತಾರೆ. ಇದೆಲ್ಲ ಸರಿಯೇ. ಆದರೆ ಮಾವನವರಿಗೆ ಈಗ ಏನಾಗಿದೆ ಅಂತ? ಉಜ್ಜನಪ್ಪನವರು ಎಂಬತ್ತು ದಾಟಿದ್ದಾರೆ ನಿಜ, ಆದರೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬಿಸಿ ರೊಟ್ಟಿ ತಿಂದು, ಸರ್ಕಲ್ ತನಕ ನಡೆದು ಹೋಗಿ ತಾವೇ ಪೇಪರ್ ತರುತ್ತಾರೆ. ಕಣ್ಣೊಂದು ಮಂಜಾಗಿದೆ, ಅಷ್ಟೇ. ಮೆಟ್ಟಿಲ ಬುಡದಲ್ಲಿಟ್ಟ ಹಳೆಯ ಸಣ್ಣ ಟಿವಿಯ ಮುಂದೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕಬಡ್ಡಿ ನೋಡುತ್ತ, ಹಿಡಿಯೋ ಅವನ ಕಾಲನ್ನ, ಮಂಗ್ಯಾ ಎಂದು ಬೈಯುವುದನ್ನು ಕಂಡೇ ವಿಜಯೇಂದ್ರ ಇಷ್ಟು ದೊಡ್ಡದನ್ನು ತರಿಸಿದ್ದು. ಅಪ್ಪನಿಗೆ ಕಾಣಲಿ ಅಂತ ಮಗ ಟಿವಿ ತರುತ್ತಾನೆ. ಅದೇ ಅಪ್ಪ ಸತ್ತ ದಿನಕ್ಕೆ ಗೋಡೆ ಸಿಗಲ್ಲವಲ್ಲ ಅಂತ ಸೊಸೆ ಎದೆ ಒಡೆದುಕೊಳ್ಳುತ್ತಾಳೆ. ಥೂ, ಎಂಥ ಮನಸ್ಸು ನನ್ನದು ಎಂದು ಜಯಶೀಲಾ ತನಗೆ ತಾನೇ ಉಗಿದುಕೊಂಡಳು. ಉಗಿದುಕೊಂಡು ಮುಗಿಯುವಷ್ಟರಲ್ಲಿ ಕಣ್ಣು ಮತ್ತೆ ಡಬ್ಬದ ಮೇಲೆ ಹರಿದು, ಇದರ ಅಗಲ ಇಷ್ಟು, ಗೋಡೆಯ ಅಗಲ ಇಷ್ಟು, ಪಕ್ಕದಲ್ಲಿ ಉಳಿಯುವುದು ಒಬ್ಬರು ಕೂರುವಷ್ಟಿಲ್ಲ ಎಂದು ಲೆಕ್ಕ ಹಾಕಿತು. ಅವಳ ಕಸುಬೇ ಅಂಥದ್ದು. ಬಡಾವಣೆಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟು ಕಣ್ಣಳತೆ ಎಷ್ಟು ಪಳಗಿತ್ತೆಂದರೆ, ಮದುವೆಮನೆಯಲ್ಲಿ ಎದುರು ಬಂದವರ ಭುಜ ಎಷ್ಟಗಲ ಎಂದು ಮನಸ್ಸು ತಾನಾಗಿ ಹೇಳಿಬಿಡುತ್ತಿತ್ತು. ಬೇಡವೆಂದರೂ ಕೇಳುತ್ತಿರಲಿಲ್ಲ.

ಅವತ್ತು ಭದ್ರಾವತಿಗೆ ಹೋಗಿ ಟಿವಿ ಯೂನಿಟ್ಟು ನೋಡಿ ಬರುವುದೆಂದಾಗಿತ್ತು. ಶಿವಮೊಗ್ಗದ ಅಂಗಡಿಗಳನ್ನೆಲ್ಲ ಸುತ್ತಿ ಆಗಿತ್ತು, ಯಾವುದೂ ವಿಜಯೇಂದ್ರನ ಮನಸ್ಸಿಗೆ ಬಂದಿರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಅವನ ಕೈಕೆಳಗೆ ಓದಿದ ಮಲ್ಲಿಕ್ ಎಂಬವನು ಭದ್ರಾವತಿಯಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದಾನೆ, ಮೇಷ್ಟ್ರಿಗೆ ಮೋಸ ಮಾಡಲ್ಲ. ಹಾಗೇ ಅಲ್ಲೇ ಇರುವ ವಿಜಯೇಂದ್ರನ ತಂಗಿ ಸುಮನಾಳ ಮನೆಯಲ್ಲಿ ಊಟ ಮುಗಿಸಿಕೊಂಡು ಬಂದರಾಯಿತು. ಹೊರಡುವ ಹೊತ್ತಿಗೆ ಉಜ್ಜನಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಶಾಲು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ," ಎಂದರು. "ಅಪ್ಪಾ, ಅಲ್ಲಿ ಸುಮ್ನೆ ನಿಂತು ನಿಂತು ಸುಸ್ತಾಗ್ತೀರಿ," ಎಂದ ವಿಜಯೇಂದ್ರ. "ಫರ್ನಿಚರ್ ಅಂಗಡೀಲಿ ಕೂರೋಕೆ ಜಾಗ ಇರಲ್ವೇನೋ?" ಎಂದು ಕೇಳಿದ ಮುದುಕರು ಉತ್ತರಕ್ಕೆ ಕಾಯದೆ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಆ ಚೀಲದಲ್ಲೇನು ಎಂದು ಜಯಶೀಲಾ ಕೇಳಲಿಲ್ಲ. ಸುಮನಾಳ ಮಕ್ಕಳಿಗೆ ಏನೋ ಇರಬೇಕು ಎಂದುಕೊಂಡಳು.

ಹಿಂದಿನ ಸೀಟಿನಲ್ಲಿ ಕೂತವಳ ಎದುರಿಗೆ ಮಾವನವರ ಬೆನ್ನು, ಕತ್ತು, ಭುಜ. ಸಿಟಿ ದಾಟಿ ಹೈವೇ ಹಿಡಿಯುವವರೆಗೆ ಅವಳು ಕಿಟಕಿಯಾಚೆ ನೋಡಿದಳು. ಆಮೇಲೆ ನೋಡಲು ಏನೂ ಉಳಿಯಲಿಲ್ಲ, ಅಥವಾ ಕಣ್ಣಿಗೆ ಬೇಕಾದದ್ದು ಒಳಗೇ ಇತ್ತು. ವಿಜಯೇಂದ್ರ ದಾರಿಯುದ್ದಕ್ಕೂ ಟಿವಿಗೂ ಸೋಫಾಗೂ ಎಷ್ಟು ಅಂತರ ಇರಬೇಕು, ಗೋಡೆಗೆ ಯಾವ ಬಣ್ಣದ ಹಲಗೆ ಒಪ್ಪುತ್ತದೆ, ವೈರು ಕಾಣಿಸದ ಹಾಗೆ ಹೇಗೆ ಒಳಗೆ ಹಾಯಿಸಬೇಕು ಎಂದು ಪಾಠ ಹೇಳುತ್ತಲೇ ಇದ್ದ. ಅವಳು ಹೂಂಗುಟ್ಟುತ್ತ ಮಾವನವರ ಭುಜಗಳ ಅಗಲವನ್ನು ನೋಡಿದಳು. ಕಾಲು ಮಡಿಸಿದರೆ ಮೊಣಕಾಲಿನಿಂದ ಮೊಣಕಾಲಿಗೆ ಇನ್ನೂ ಅಗಲ. ಅತ್ತೆ ಗುಬ್ಬಿಯಷ್ಟಿದ್ದರು, ಇವರು ಆಳೆತ್ತರದ ಮನುಷ್ಯ, ಇವರಿಗೆ ಜಾಗ ಜಾಸ್ತಿ ಬೇಕು. ತಟ್ಟನೆ ಏನೋ ಅನ್ನಿಸಿ ತಲೆಯೆತ್ತಿದರೆ ಮುಂದಿನ ಕನ್ನಡಿಯಲ್ಲಿ ಉಜ್ಜನಪ್ಪನವರ ಕಣ್ಣು ಅವಳನ್ನೇ ನೋಡುತ್ತಿತ್ತು. ಮಂಜುಗಣ್ಣು, ಏನು ಕಂಡಿತೋ ಏನು ಬಿಟ್ಟಿತೋ. ಅವರು ಜಾರದಿದ್ದ ಶಾಲನ್ನು ಭುಜದ ಮೇಲೆ ಎಳೆದುಕೊಂಡರು. ಬ್ಲೌಸ್ ಹೊಲಿಸಲು ಬಂದ ಹೊಸ ಮದುಮಗಳೊಬ್ಬಳು ಒಮ್ಮೆ ಹೀಗೆಯೇ ಸೆರಗು ಎಳೆದುಕೊಂಡಿದ್ದಳು.

ಅತ್ತೆ ಹೋದದ್ದು ಕೆಲವು ವರ್ಷಗಳ ಹಿಂದೆ, ಬೆಳಗಿನ ಜಾವ. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಒಳ್ಳೆಯ ಸಾವು ಎಂದರು ಬಂದವರೆಲ್ಲ. ವಿಧಿ ನಡೆಸಲು ಬೇಗ ಬಂದ ಅಯ್ಯನವರು, ಜಾಗ ಮಾಡಿ, ಮೈ ಸೆಟೆಯುವ ಮೊದಲು ಕೂರಿಸಬೇಕು ಎಂದು ಅವಸರ ಮಾಡಿದರು. ಜಾಗ ಎಲ್ಲಿತ್ತು? ಆ ಗೋಡೆಯ ತುಂಬ ಶೋಕೇಸು. ನೆಲದಿಂದ ತಾರಸಿಯವರೆಗೆ ಪ್ಲೈವುಡ್ಡಿನದು, ಗೋಡೆಗೆ ಸ್ಕ್ರೂ ಹಾಕಿ ಬಿಗಿದದ್ದು, ಮಧ್ಯದಲ್ಲಿ ಟಿವಿ, ಸುತ್ತ ಗೊಂಬೆಗಳು, ಯಾರೂ ಒಮ್ಮೆಯೂ ಬಳಸದ ಪಿಂಗಾಣಿ ಸೆಟ್ಟು, ವಿಜಯೇಂದ್ರನಿಗೆ ಯಾವುದೋ ಸಮಾರಂಭದಲ್ಲಿ ಕೊಟ್ಟ ಫಲಕಗಳು. ಒಂದೊಂದೇ ಕಪ್ಪು, ಒಂದೊಂದೇ ಸಾಸರು ಹೊರಗೆ ತೆಗೆಯುತ್ತ ಹೋದರು. ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಹೊರಾಂಗಣದಲ್ಲಿ ಕೂರಿಸೋಣವೆಂದರೆ ಕಾಂಪೌಂಡಿಗೂ ಮನೆಗೂ ಕಾರು ನಿಲ್ಲುವಷ್ಟೇ ಸಂದಿ. ಗಂಡಸರು ವಾಹನ, ಹೂವು, ಗುಂಡಿ ಅಂತ ಹೊರಗೆ ಓಡಾಡುತ್ತಿದ್ದರು, ವಿಜಯೇಂದ್ರನೂ ಅವರ ಜೊತೆಗೇ. ಕೊನೆಗೆ ಯಾರೋ ಹಾರೆ ತಂದು ಮೀಟಿ ಶೋಕೇಸು ಕಿತ್ತಾಗ ಮಧ್ಯಾಹ್ನ ತಿರುಗಿತ್ತು. ಅಷ್ಟರಲ್ಲಿ ಅತ್ತೆಯ ಕಾಲು ಮಡಿಸಲು ಬರಲಿಲ್ಲ. ಬಿಸಿನೀರಿನ ಬಟ್ಟೆ ಹಾಕಿದರು, ಎಣ್ಣೆ ಸವರಿದರು. ಹಿರಿಯ ಹೆಂಗಸೊಬ್ಬಳು ಜಯಶೀಲಾಳ ಕೈ ಹಿಡಿದೆಳೆದು, ದಿನಾ ಅವಳ ಕಾಲು ನೀವಿದವಳು ನೀನು, ನಿನ್ನ ಕೈ ಅವಳಿಗೆ ರೂಢಿ, ನೀನೇ ಒತ್ತಮ್ಮ ಎಂದಳು. ಒತ್ತಿದಳು. ಆ ಸದ್ದು! ಒಣಗಿದ ಕಟ್ಟಿಗೆ ಮುರಿಯುವ ಸದ್ದು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಉಜ್ಜನಪ್ಪನವರು ಅರ್ಧ ಎದ್ದು, ಮೆಲ್ಲಗೆ ಕಣಮ್ಮ, ಅವಳಿಗೆ ನೋಯುತ್ತೆ ಎಂದಿದ್ದರು. ಯಾರೋ ಅವರನ್ನು ತೋಳು ಹಿಡಿದು ಮತ್ತೆ ಕೂರಿಸಿದರು. ಅಂದಿನಿಂದ ಆ ಗೋಡೆ ಖಾಲಿ. ಯಾರೂ ಖಾಲಿ ಬಿಡಿ ಎಂದು ಹೇಳಿದ್ದಲ್ಲ, ಯಾರೂ ಏನೂ ಇಡಲಿಲ್ಲ ಅಷ್ಟೇ. ವಿಜಯೇಂದ್ರನಿಗೆ ಅದೆಲ್ಲ ಮರೆತೇ ಹೋಗಿದೆಯೋ, ಮರೆಯಲೆಂದೇ ಇಷ್ಟು ದೊಡ್ಡ ಟಿವಿ ತಂದನೋ, ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.

"ಸೈರನ್ನೇ ಇಲ್ಲ ನೋಡು," ಎಂದರು ಉಜ್ಜನಪ್ಪ. ಭದ್ರಾವತಿ ಬಂದಿತ್ತು. ಈಗ ಸದ್ದಡಗಿದ ಕಾರ್ಖಾನೆಯಲ್ಲಿ ಅವರು ಫೋರ್‌ಮನ್ ಆಗಿ ದುಡಿದ ಊರು, ಪ್ರತಿ ಸಲವೂ ಅದೇ ಮಾತು. ಮಲ್ಲಿಕ್ ಅಂಗಡಿಯ ಬಾಗಿಲಿಗೇ ಬಂದು ಮೇಷ್ಟ್ರ ಕಾಲಿಗೆರಗಲು ಬಗ್ಗಿದ, ವಿಜಯೇಂದ್ರ ಬೇಡಪ್ಪ ಬೇಡ ಎಂದು ಖುಷಿಯಿಂದ ತಡೆದ. ಉಜ್ಜನಪ್ಪನವರನ್ನು ಮಲ್ಲಿಕ್ ಕೈ ಹಿಡಿದು ನಡೆಸಿ, ಅಂಗಡಿಯ ಅತಿ ದುಬಾರಿ ರಿಕ್ಲೈನರಿನಲ್ಲಿ ಕೂರಿಸಿ, "ಯಜಮಾನ್ರೆ, ಮಜಾ ನೋಡಿ ಈಗ," ಎಂದು ಪಕ್ಕದ ಹಿಡಿ ಎಳೆದ. ಕುರ್ಚಿ ಹಿಂದಕ್ಕೆ ವಾಲಿ ಮುದುಕರ ಕಾಲು ಮೇಲೆದ್ದಿತು. "ಎಬ್ಬಿಸಪ್ಪಾ ಎಬ್ಬಿಸು," ಎಂದು ಅವರು ಗಾಬರಿಯಲ್ಲಿ ಕೈ ಆಡಿಸಿದರು. "ನಂಗೆ ಮಲಗೋದು ಬೇಡ." ಎಬ್ಬಿಸಿ ಒಂದು ಸಾದಾ ಮರದ ಕುರ್ಚಿ ಕೊಟ್ಟರು. ಅದರಲ್ಲಿ ಕಾಲು ಚಾಚಿ ಕೂತರು. ಜಯಶೀಲಾ ಆ ಚಾಚಿದ ಕಾಲುಗಳನ್ನು ನೋಡಿ, ನೋಡಿದ್ದಕ್ಕೆ ನಾಚಿ ಬೇರೆ ಕಡೆ ತಿರುಗಿದಳು.

ಮಲ್ಲಿಕ್ ತೋರಿಸಿದ್ದು ಗೋಡೆಯಗಲದ ಯೂನಿಟ್ಟು. ಹಿಂದೆ ಉದ್ದುದ್ದ ಗೀರಿನ ಕಂದು ಹಲಗೆ, ಎರಡೂ ಬದಿಗೆ ತಾರಸಿ ಮುಟ್ಟುವ ಕಪಾಟು, ಕೆಳಗೆ ಡ್ರಾಯರುಗಳ ಸಾಲು, ಅಂಚಿಗೆಲ್ಲ ಹಳದಿ ದೀಪದ ಪಟ್ಟಿ. ಅಂಗಡಿಯ ಗೋಡೆಗೆ ಅದನ್ನು ಮಾದರಿಗೆಂದು ಬಿಗಿದಿದ್ದರು. ವಿಜಯೇಂದ್ರನ ಕಣ್ಣು ಅರಳಿತು. "ಇದೇ ಕಣೆ ನಾನು ಹೇಳ್ತಿದ್ದಿದ್ದು!"

"ಅಕ್ಕಾ, ಈಗ ಎಲ್ಲರೂ ಕೇಳೋದು ಇದನ್ನೇ," ಎಂದ ಮಲ್ಲಿಕ್. "ಗೋಡೆಗೆ ಒಂದ್ಸಲ ಬಡಿದ್ರೆ ಮುಗೀತು. ಭೂಕಂಪ ಆದ್ರೂ ಬಿಲ್ಕುಲ್ ಅಲ್ಲಾಡಲ್ಲ."

"ಬಿಚ್ಚೋದಾದ್ರೆ?" ಎಂದು ಕೇಳಿದಳು ಜಯಶೀಲಾ.

"ಯಾಕಕ್ಕಾ ಬಿಚ್ತೀರಿ?"

"ಅಕಸ್ಮಾತ್."

"ಅಕಸ್ಮಾತ್ ಅಂದ್ರೆ ಒಂದು ಫೋನ್ ಮಾಡಿ. ಕೆಲಸದೋರನ್ನ ಕಳಿಸ್ತೀನಿ. ಒಂದು ದಿನದ ಕೆಲಸ ಅಷ್ಟೆ."

ಒಂದು ದಿನ! ಅವಳು ಕಪಾಟಿನ ಬದಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಗೋಡೆಯೇ ಬರಬೇಕು, ಅದು ಬರುವುದಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಇಡುವಂಥ ತಗ್ಗಿನ ಮೇಜೊಂದಿತ್ತು, ಅದರ ಒಂದು ತುದಿಯನ್ನು ಎತ್ತಿ ನೋಡಿದಳು. ಇಬ್ಬರಿದ್ದರೆ ಆಗುತ್ತದೆ. ಆದರೆ ಅದರ ಮೇಲಿನ ಟಿವಿ? ಅವಳಿಗೆ ಇಲ್ಲಿ ಯಾವುದನ್ನೂ ನೇರವಾಗಿ ಕೇಳುವಂತಿರಲಿಲ್ಲ, ಕೇಳದೇ ಇರುವಂತೆಯೂ ಇರಲಿಲ್ಲ. "ಗಾಲಿ ಇರೋದು ಏನಾದ್ರೂ ಇದ್ಯಾ? ತಳ್ಳಿದ್ರೆ ಹೋಗೋ ಹಾಗೆ?" ಎಂದಳು. ದನಿ ತನಗೇ ವಿಚಿತ್ರವಾಗಿ ಕೇಳಿಸಿತು.

"ಗಾಲಿನಾ? ಎಪ್ಪತ್ತೈದು ಇಂಚಿಗೆ?" ಮಲ್ಲಿಕ್ ನಕ್ಕ. "ಅದು ಸ್ಕೂಲಲ್ಲಿ, ಆಫೀಸಲ್ಲಿ ಇಡೋ ಕಬ್ಬಿಣದ ಸ್ಟ್ಯಾಂಡ್ ಅಕ್ಕಾ. ಮನೆಗೆ ಲಕ್ಷಣ ಇರಲ್ಲ."

"ಟಿವಿನ ವಾಕಿಂಗ್ ಕರ್ಕೊಂಡು ಹೋಗ್ತೀಯೇನೇ ಮಾರಾಯ್ತಿ?" ಎಂದ ವಿಜಯೇಂದ್ರ. ಸೋಫಾ ನೋಡಲು ಬಂದಿದ್ದ ಗಂಡಹೆಂಡತಿ ಕೂಡ ತಿರುಗಿ ನೋಡಿ ನಕ್ಕರು. ಆ ಹೆಂಡತಿಯ ರವಿಕೆಯ ತೋಳು ಎಷ್ಟು ಕೆಟ್ಟದಾಗಿ ಕೂತಿತ್ತೆಂದರೆ, ಜಯಶೀಲಾ ಅದನ್ನೇ ದಿಟ್ಟಿಸುತ್ತ ನಿಂತುಬಿಟ್ಟಳು. ಅವಳಿಗೆ ಅಳು ಬರುವ ಹಾಗಾಗಿತ್ತು. ಮನೆಯಲ್ಲಿ ಅವಳು ಯಾವುದಕ್ಕೂ ಹಟ ಮಾಡಿದವಳಲ್ಲ. ಪರದೆ ನಿಮಗಿಷ್ಟವಾದದ್ದು, ಸೋಫಾ ನಿಮಗಿಷ್ಟವಾದದ್ದು, ಟೈಲ್ಸು ನಿಮಗಿಷ್ಟವಾದದ್ದು. ಇದೊಂದಕ್ಕೆ ಮಾತ್ರ ಅವಳು ಬಾಯಿ ಬಿಟ್ಟಿದ್ದಾಳೆ, ಅದಕ್ಕೂ ಕಾರಣ ಹೇಳುವ ಹಾಗಿಲ್ಲ. ಹೇಗೆ ಹೇಳುತ್ತಾಳೆ? ಬದುಕಿರುವ ಮನುಷ್ಯ ಆರು ಮಾರು ದೂರದಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ. ಬಸಿಯಲ್ಲಿ ಸುರಿದುಕೊಂಡು ಊದಿ ಊದಿ ಕುಡಿಯುತ್ತಿದ್ದಾರೆ.

ವಿಜಯೇಂದ್ರ ಬಣ್ಣದ ತುಂಡುಗಳನ್ನು ಕೈಯಲ್ಲಿ ಹಿಡಿದು, "ಹಾಗಾದ್ರೆ ಇದೇ ಫೈನಲ್ ಮಾಡೋಣ ಮಲ್ಲಿಕ್. ಸಂಜೆ ಟಿವಿಯೋರು ಬರ್ತಾರೆ, ಅವರಿಗೆ ಇವತ್ತು ಬರಬೇಡಿ ಅಂತ ಹೇಳಿಬಿಡ್ತೀನಿ. ನಿನ್ನ ಕೆಲಸ ಆದ್ಮೇಲೆ ಟಿವಿ ಕೂರಿಸ್ಲಿ," ಎಂದ.

"ಬೇಡ," ಎಂದಳು ಜಯಶೀಲಾ.

"ಏನು ಬೇಡ?"

"ಇದು ಬೇಡ. ಗೋಡೆಗೆ ಬಡಿಯೋದು ಬೇಡ."

"ಯಾಕೆ ಅಂತ ಒಂದು ಕಾರಣ ಹೇಳು ಮತ್ತೆ. ಬೆಳಿಗ್ಗೆಯಿಂದ ನೋಡ್ತಿದೀನಿ, ಮುಖ ಗಂಟು ಹಾಕ್ಕೊಂಡು ಎಲ್ಲದಕ್ಕೂ ಕೊಕ್ಕೆ ಹಾಕ್ತಿದೀಯ."

"ಮನೇಲಿ ಹೇಳ್ತೀನಿ ರೀ."

"ಇಲ್ಲೇ ಹೇಳು. ಮಲ್ಲಿಕ್ ಏನು ಹೊರಗಿನೋನಾ? ಒಂದು ಸಾಮಾನು ಸಂತೋಷವಾಗಿ ತಗೊಳ್ಳೋ ಹಾಗಿಲ್ವಲ್ಲ ನಿನ್ನ ಜೊತೆ!"

ಸೋಫಾದವರು ಈಗ ನಗುತ್ತಿರಲಿಲ್ಲ, ನೋಡದವರ ಹಾಗೆ ನೋಡುತ್ತಿದ್ದರು. ಹೇಳಿಬಿಡಲೇ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ನಿಮ್ಮಮ್ಮನ ಮೊಣಕಾಲು ಮುರಿದಾಗ ನೀವೆಲ್ಲಿದ್ದಿರಿ ಎಂದು ಕೇಳಿಬಿಡಲೇ? ಹೂವಿನಂಗಡಿಯಲ್ಲಿದ್ದಿರಿ. ಸುಗಂಧರಾಜ ಬೇಡ, ಸೇವಂತಿಗೆಯೇ ಬೇಕು ಎಂದು ಆರಿಸುತ್ತಿದ್ದಿರಿ.

"ಅವಳನ್ನ ಯಾಕೆ ಹಿಂಡ್ತೀಯೋ ವಿಜಯಾ," ಎಂದರು ಉಜ್ಜನಪ್ಪನವರು ಕುರ್ಚಿಯಿಂದ. ಬಸಿಯನ್ನು ಕೆಳಗಿಟ್ಟರು. "ನಾನು ಹೇಳ್ತೀನಿ ಕೇಳು. ನೀನೂ ಕೇಳಪ್ಪ ಮಲ್ಲಿಕ್, ನಿನಗೂ ಗೊತ್ತಿರಲಿ. ನಮ್ಮಲ್ಲಿ ಹೆಣ ಮಲಗಿಸಲ್ಲ. ಗೋಡೆಗೆ ಕೂರಿಸ್ತೀವಿ. ಮನೇಲಿ ಅಂಥದ್ದು ಇರೋದು ಒಂದೇ ಗೋಡೆ. ನಾಳೆ ನಾನು ಹೋದ್ರೆ, ಈ ನಿನ್ನ ಹಲಗೆ ಬಿಚ್ಚೋಕೆ ಒಂದು ದಿನ ಬೇಕು ಅಂತೀಯ. ಅಷ್ಟೊತ್ತಿಗೆ ನಾನು ಕೊರಡಾಗಿರ್ತೀನಿ. ಕಾಲು ಮಡಿಸೋಕೆ ಬರಲ್ಲ. ಅದಕ್ಕೆ ನಮ್ಮ ಸೊಸೆ ಗಾಲಿ ಕೇಳ್ತಿದಾಳೆ."

"ತೋಬಾ ತೋಬಾ," ಎಂದ ಮಲ್ಲಿಕ್, "ಯಾಕೆ ಯಜಮಾನ್ರೆ ಇಂಥ ಮಾತು? ನೂರು ವರ್ಷ ಬಾಳ್ತೀರಿ." ಸೋಫಾದವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ವಿಜಯೇಂದ್ರ ಕೈಯಲ್ಲಿದ್ದ ಬಣ್ಣದ ತುಂಡುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹಿಡಿದುಕೊಂಡೇ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಹಾಗಾದರೆ ಅವನು ಮರೆತಿರಲಿಲ್ಲ. ಜಯಶೀಲಾಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಇಷ್ಟು ದಿನ ತನ್ನ ತಲೆಯೊಳಗೇ ಬಚ್ಚಿಟ್ಟುಕೊಂಡದ್ದೆಲ್ಲ ಹೀಗೆ, ಭದ್ರಾವತಿಯ ಅಂಗಡಿಯಲ್ಲಿ, ಸೋಫಾ ಮಂಚಗಳ ನಡುವೆ, ಸತ್ತುಹೋಗಬೇಕಾದವರ ಬಾಯಿಂದಲೇ ಹೊರಗೆ ಬರುವುದೆಂದರೆ!

"ಆ ತಲೆನೋವು ನಿಮಗ್ಯಾರಿಗೂ ಬೇಡ," ಎಂದರು ಮುದುಕರು. "ನಾನು ಇನ್ಮೇಲೆ ಸುಮನಾ ಮನೇಲಿ ಇರ್ತೀನಿ. ಅವಳಿಗೆ ಹೇಳಿದೀನಿ. ಬಟ್ಟೇನೂ ತಂದಿದೀನಿ, ಕಾರಲ್ಲಿದೆ."

"ಅಪ್ಪಾ!" ಎಂದ ವಿಜಯೇಂದ್ರ. ಮಗನಿದ್ದೂ ಮಗಳ ಮನೆಗೆ ಹೋಗಿ ಕೂತ ಅಪ್ಪ. ಸೊಸೆಯೇ ಹೊರಗೆ ಹಾಕಿರಬೇಕು ಎನ್ನುತ್ತಾರೆ ಜನ. ಹೊಸಮನೆ ಬಡಾವಣೆಯ ನೆಂಟರು ಎನ್ನುತ್ತಾರೆ, ರವಿಕೆ ಹೊಲಿಸಲು ಬಂದವರು ಸೂಜಿ ದಾರದ ಮುಂದೆ ಕೂತು ಮೆಲ್ಲಗೆ ಕೆದಕುತ್ತಾರೆ. ಆದರೆ ಆ ಹೊತ್ತಿನಲ್ಲಿ ಜಯಶೀಲಾಗೆ ಜನ ಮುಖ್ಯವಾಗಲಿಲ್ಲ, ಅದು ಅವಳಿಗೇ ಆಶ್ಚರ್ಯವಾಯಿತು. ಬೆಳಿಗ್ಗೆ ಎದ್ದರೆ ಈ ಮನುಷ್ಯ ಮನೆಯಲ್ಲಿರುವುದಿಲ್ಲ ಎಂಬುದೊಂದೇ ಎದೆಗೆ ಬಂದು ಒದ್ದಿತು. ರೊಟ್ಟಿ ಯಾರಿಗೆ ತಟ್ಟುವುದು? ಸಂಜೆ ಕಬಡ್ಡಿ ಹೊತ್ತಿಗೆ ಯಾರು ಬೈಯುವುದು? ಅವಳು ಹೋಗಿ ಅವರ ಕುರ್ಚಿಯ ಮುಂದೆ ನಿಂತಳು.

"ಮಾವ, ಟಿವಿ ವಾಪಸ್ ಕಳ್ಸೋಣ. ಗೋಡೆ ಖಾಲಿ ಇಡ್ತೀನಿ. ಯಾರು ಏನಂದ್ರೂ ಖಾಲಿ ಇಡ್ತೀನಿ. ನೀವು ಮನೆಗೆ ಬನ್ನಿ."

"ಗೋಡೆ ಕೇಳಿದ್ನೇನಮ್ಮ ನಾನು?" ಉಜ್ಜನಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬಂಗಾರಿ ಹೋದ್ಮೇಲೆ ನೀನು ನನ್ನ ಮುಖ ನೋಡಿ ಮಾತಾಡಿದ್ದು ಯಾವಾಗ, ಹೇಳು. ಊಟ ಬಡಿಸ್ತೀಯ, ಮಾತ್ರೆ ಕೊಡ್ತೀಯ, ಯಾವುದಕ್ಕೂ ಕಮ್ಮಿ ಮಾಡಿಲ್ಲ. ಆದ್ರೆ ನಿನ್ನ ಕಣ್ಣು ನನ್ನ ಮೊಣಕಾಲ ಮೇಲೇ ಇರುತ್ತೆ. ನಾನು ಕಾಲು ಮಡಿಸಿ ಪೂಜೆಗೆ ಕೂತ್ರೆ ನಿಂಗೆ ಸಮಾಧಾನ. ಚಾಚ್ಕೊಂಡು ಕೂತ್ರೆ ನಿನ್ನ ಮುಖ ಇಷ್ಟಾಗುತ್ತೆ. ದಿನಾ ಎಣ್ಣೆ ಹಚ್ಕೊಳ್ಳಿ ಮಾವ, ಎಣ್ಣೆ ಹಚ್ಕೊಳ್ಳಿ ಮಾವ ಅಂತೀಯ. ಯಾಕೆ ಅಂತ ನಂಗೆ ತಿಳಿಯಲ್ವಾ? ಕಾರಲ್ಲಿ ಹಿಂದೆ ಕೂತು ನನ್ನ ಭುಜ ಅಳೀತಿದ್ದೆ. ಕಣ್ಣು ಮಂಜು ನಿಜ, ಕುರುಡಾಗಿಲ್ಲ. ನಂಗೆ ಸಾಯೋಕೆ ಭಯ ಇಲ್ಲ ಕಣಮ್ಮ. ಬದುಕಿದ್ದಾಗಲೇ ದಿನಾ ನನ್ನ ಆ ಗೋಡೆಗೆ ಕೂರಿಸ್ತೀಯಲ್ಲ, ಅದು ತಡ್ಕೊಳ್ಳೋಕಾಗ್ತಿಲ್ಲ."

ಅವಳಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇಷ್ಟು ವರ್ಷ ಒಬ್ಬಳೇ ಹೊತ್ತದ್ದಕ್ಕೆ ಇದೇ ಪ್ರತಿಫಲವೇ? "ಒತ್ತಿದ್ದು ನಾನು ಮಾವ," ಎಂದಳು. ಮಲ್ಲಿಕ್ ಇದ್ದಾನೆ, ಗಂಡ ಇದ್ದಾನೆ ಎಂಬುದೆಲ್ಲ ಮರೆತುಹೋಗಿತ್ತು. "ನೀವಲ್ಲ, ಇವರಲ್ಲ. ಈ ಕೈ. ಬಟ್ಟೆ ಹೊಲಿಯೋವಾಗ ದಾರ ಟಕ್ ಅಂದ್ರೂ ನಂಗೆ ಮೈ ನಡುಗುತ್ತೆ. ನಿಮ್ಮ ಕಾಲನ್ನ ನಾನು ಹಾಗೆ ಒತ್ತಲಾರೆ. ನನ್ನ ಕೈಯಲ್ಲಾಗಲ್ಲ. ಅದಕ್ಕೇ ಅಳೆದೆ. ನೀವು ಸಾಯಲಿ ಅಂತಲ್ಲ."

"ನಂಗೊತ್ತು," ಎಂದರು ಅವರು. ಬಸಿಯನ್ನು ಪಕ್ಕಕ್ಕೆ ಸರಿಸಿ, "ಗೊತ್ತಿದ್ರೂ ಕಷ್ಟ ಆಗುತ್ತೆ," ಎಂದರು.

ವಿಜಯೇಂದ್ರ ಅಂಗಡಿಯ ಬಾಗಿಲಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ಹಿಂದಿನಿಂದ ನೋಡಿದರೆ ಅವನ ಭುಜಗಳು ಥೇಟ್ ಅವನಪ್ಪನವೇ, ಇವತ್ತು ತುಸು ಕುಗ್ಗಿದ್ದವು. ಜಯಶೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಪೂರ್ತಿ ತಿಳಿದಿತ್ತೆಂದು ಹೇಳಲಾಗದು. ಹೋಗಿ ಆ ಕಂದು ಹಲಗೆಯ ಮೇಲೆ ಅಂಗೈ ಇಟ್ಟಳು. ಒತ್ತಿದಳು. ಅದು ಅಲುಗಲಿಲ್ಲ.

"ಮಲ್ಲಿಕ್, ಇದನ್ನೇ ಕೊಡಿ," ಎಂದಳು. "ಗೋಡೆಗೇ ಬಡೀರಿ. ಎಷ್ಟು ಸ್ಕ್ರೂ ಬೇಕೋ ಅಷ್ಟು ಹಾಕಿ. ಅಲ್ಲಾಡಬಾರದು."

"ಅಕ್ಕಾ..." ಎಂದು ಮಲ್ಲಿಕ್ ಮುದುಕರ ಕಡೆಗೂ ಮೇಷ್ಟ್ರ ಕಡೆಗೂ ನೋಡಿದ.

"ಎಷ್ಟು ವರ್ಷ ಬರುತ್ತೆ?"

"ಹತ್ತು ಹದಿನೈದು ವರ್ಷ ನೀವು ಅದರ ಕಡೆ ನೋಡೋದೇ ಬೇಡ."

"ಆಯ್ತು. ಅದೇ ಬೇಕು ನಂಗೆ. ಆ ಗೋಡೆ ಇನ್ನು ನನ್ನ ಕಣ್ಣಿಗೆ ಬೀಳಬಾರದು."

ವಿಜಯೇಂದ್ರ ತಿರುಗಿ ನೋಡಿ, ಒಳಗೆ ಬಂದು ಬಣ್ಣದ ತುಂಡುಗಳನ್ನು ಮೇಜಿನ ಮೇಲಿಟ್ಟ. ಉಜ್ಜನಪ್ಪನವರು ಮಾತ್ರ ಹಾಗೇ ಕೂತಿದ್ದರು, ಒಪ್ಪಿದರೋ ಇಲ್ಲವೋ ಯಾರಿಗೂ ಗೊತ್ತಾಗದ ಹಾಗೆ. ಮಲ್ಲಿಕ್ ಈ ಗೊಂದಲದಿಂದ ಪಾರಾಗಲು ತನ್ನ ಕೆಲಸವನ್ನೇ ಹಿಡಿದುಕೊಂಡ. "ಹಾಗಾದ್ರೆ ಎತ್ತರ ಹೇಳ್ಬೇಕು ಅಕ್ಕಾ. ಹಲಗೇಲಿ ತೂತು ಇಲ್ಲೇ ಕೊರೆದು ಕಳಿಸ್ಬೇಕಲ್ಲ. ಪರದೆಯ ನಡುಭಾಗ ಕೂತು ನೋಡೋರ ಕಣ್ಣಿನ ಮಟ್ಟಕ್ಕೆ ಬರಬೇಕು. ಮೇಲಾದ್ರೆ ಕತ್ತು ನೋವು, ಕೆಳಗಾದ್ರೆ ಬೆನ್ನು. ಮನೇಲಿ ಜಾಸ್ತಿ ನೋಡೋರು ಯಾರು? ಅವರ ಅಳತೆ ತಗೊಂಡ್ರೆ ಆಯ್ತು."

ಅವನು ಜೇಬಿನಿಂದ ಉಕ್ಕಿನ ಟೇಪು ತೆಗೆದವನು, ತಾನು ಏನು ಕೇಳಿದೆನೆಂದು ಆಗ ಹೊಳೆದು, ಟೇಪು ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಜಯಶೀಲಾ ಕೈ ಚಾಚಿ ಅದನ್ನು ತೆಗೆದುಕೊಂಡಳು. "ನಮ್ಮ ಮಾವ," ಎಂದಳು. "ನಮ್ಮ ಮಾವನೇ ಜಾಸ್ತಿ ನೋಡೋದು." ಹೇಳಿ ಅಲ್ಲೇ ನಿಂತಳು. ಕಾಲು ಮುಂದೆ ಬರಲಿಲ್ಲ. ನನ್ನ ಭುಜ ಅಳೀತಿದ್ದೆ ಎಂದು ಬಾಯಿ ಬಿಟ್ಟು ಹೇಳಿದ ಮನುಷ್ಯನ ಮುಂದೆ ಟೇಪು ಹಿಡಿದು ಹೇಗೆ ಹೋಗುವುದು? ಅವರು ಬೇಡ ಎಂದರೆ ಮುಗಿಯಿತು. ಚೀಲ ಕಾರಿನಿಂದ ಇಳಿಯುತ್ತದೆ, ಸುಮನಾಳ ಮನೆಯ ಗೂಟಕ್ಕೆ ನೇತಾಡುತ್ತದೆ, ತಾವಿಬ್ಬರೇ ಖಾಲಿ ಕಾರಿನಲ್ಲಿ ಶಿವಮೊಗ್ಗಕ್ಕೆ ವಾಪಸು.

ಉಜ್ಜನಪ್ಪನವರು ಚಾಚಿದ್ದ ಕಾಲುಗಳನ್ನು ಎಳೆದುಕೊಂಡರು. ಕುರ್ಚಿಯ ತೋಳು ಹಿಡಿದು ಬೆನ್ನು ನೆಟ್ಟಗೆ ಮಾಡಿದರು. "ನಮ್ಮನೆ ಕುರ್ಚಿ ಇದಕ್ಕಿಂತ ಒಂದು ಬೆರಳು ತಗ್ಗು," ಎಂದರು. "ಅದನ್ನ ಕಳೆದು ಬರೆಸು."

ಅವಳು ಅವರ ಪಕ್ಕ ನೆಲದ ಮೇಲೆ ಕೂತಳು. ಟೇಪಿನ ತುದಿಯನ್ನು ಪಾದದ ಬಳಿ ನೆಲಕ್ಕೆ ಒತ್ತಿ ಹಿಡಿದು ಮೇಲಕ್ಕೆ ಎಳೆಯುತ್ತ ಹೋದಳು. ಮೊಣಕಾಲು ದಾಟಿತು, ಸೊಂಟ ದಾಟಿತು, ಅಂಗಿಯೊಳಗೆ ಕೊರಳಿನಿಂದ ಇಳಿಬಿದ್ದ ಲಿಂಗದ ಕರಡಿಗೆ ಉಸಿರಿಗೆ ಏರಿ ಇಳಿಯುತ್ತಿತ್ತು, ಭುಜ, ನೆರೆತ ಕೂದಲಿನ ಗದ್ದ. ಉಕ್ಕಿನ ಪಟ್ಟಿ ಅವರ ಕೆನ್ನೆಯ ಪಕ್ಕ, ಕಣ್ಣಿನ ಅಂಚಿಗೆ ಬಂದು ನಿಂತಿತು. ಅಷ್ಟು ಹತ್ತಿರದಿಂದ ಅವಳು ಅವರ ಮುಖವನ್ನು ಎಂದೂ ನೋಡಿರಲಿಲ್ಲ.

"ತಾಗುತ್ತೇನೋ," ಎಂದರು ಅವರು ಅಲುಗದೆ. "ಕಣ್ಣು ಮುಚ್ಕೊಳ್ಳಲೇನಮ್ಮ?"

"ಬೇಡಿ ಮಾವ," ಎಂದಳು. "ತೆಗೆದೇ ಇರಿ."